ಸಿಂಧೂತೀರದ ಸಜ್ಜನ: ಡಾಂಟೆಯ ಕಾವ್ಯದಲ್ಲಿ ನರಕ, ವಿಶ್ವಾಸ ಮತ್ತು ದೈವನ್ಯಾಯ

ಇಟಲಿಯ ಮಹಾಕವಿ ಡಾಂಟೆಯ 'ಡಿವೈನ್ ಕಾಮೆಡಿ'ಯ ಹೆಸರನ್ನು ಕೇಳದ ಸಾಹಿತ್ಯ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ವಿರಳ. ಅದರ ಮೊದಲ ಕಾಂಡವನ್ನು ದಾಟಿ ಮುಂದೆ ನಡೆದವರು ಇನ್ನೂ ವಿರಳ. ನೂರು ಸರ್ಗಗಳ ಈ ಕಾವ್ಯದಲ್ಲಿ ನರಕಕ್ಕೆ ಸೇರಿದವು ಮೂವತ್ತನಾಲ್ಕು ಮಾತ್ರ. ಉಳಿದ ಅರವತ್ತಾರು ಸರ್ಗಗಳು ಪಾಪಶುದ್ಧಿಯ ಪರ್ವತಕ್ಕೂ ಸ್ವರ್ಗಕ್ಕೂ ಮೀಸಲಾಗಿವೆ. ಹೀಗಿದ್ದರೂ ಡಾಂಟೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೆಂಕಿ, ಹಿಮ, ಕುದಿಯುವ ಕೀಲು, ಶಿರಸ್ಸನ್ನು ಕೈಯಲ್ಲಿ ಹಿಡಿದು ನಡೆಯುವ ಮುಂಡ. ಕವಿಯ ನಿಜವಾದ ಸಂಕಟ ಈ ಶಿಕ್ಷೆಗಳಲ್ಲಿಲ್ಲ. ಶಿಕ್ಷೆಯೇ ಇಲ್ಲದ ಒಂದು ಎಡೆಯಲ್ಲಿ, ತಪ್ಪೇ ಮಾಡದ ಕೆಲವರ ವಿಷಯದಲ್ಲಿ ಅದು ಅಡಗಿದೆ ಎಂದು ನಾವು ತಿಳಿಯುತ್ತೇವೆ. ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಅದನ್ನೇ.

ಮೊದಲಿಗೆ ಒಂದು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಬೈಬಲ್ಲನ್ನು ಕನ್ನಡಕ್ಕೆ ತಂದವರು 'ಗೆಹೆನ್ನ'ಕ್ಕೆ ನರಕವೆಂದೂ 'ಷಿಯೋಲ್' ಎಂಬ ಹೀಬ್ರೂ ಮಾತಿಗೆ ಪಾತಾಳವೆಂದೂ ಪದಗಳನ್ನು ಹೊಂದಿಸಿದರು. ಬೇರೆ ದಾರಿಯೂ ಇರಲಿಲ್ಲ. ಆದರೆ ನಮ್ಮ ನರಕಕ್ಕೆ ಒಂದು ಕೊನೆಯುಂಟು. ಪುರಾಣಗಳ ನರಕಗಳು ಎಷ್ಟೇ ಘೋರವಾಗಿರಲಿ, ಕರ್ಮ ಸವೆದ ಮೇಲೆ ಜೀವ ಅಲ್ಲಿಂದ ಹೊರಡುತ್ತದೆ. ಜೈನರ ಏಳು ನರಕಗಳಲ್ಲಿ ಆಯುಸ್ಸು ಊಹೆಗೂ ನಿಲುಕದಷ್ಟು ದೀರ್ಘ. ಆದರೂ ಅದು ಆಯುಸ್ಸೇ, ಅನಂತವಲ್ಲ. ಮಗಧದ ಶ್ರೇಣಿಕ ಮಹಾರಾಜ ನರಕಕ್ಕೆ ಹೋದನೆಂದು ಹೇಳುವ ಜೈನ ಪರಂಪರೆಯೇ ಅವನು ಮುಂದಿನ ಕಾಲದಲ್ಲಿ ತೀರ್ಥಂಕರನಾಗುವನೆಂದೂ ಹೇಳುತ್ತದೆ. ಇಂಥ ನರಕವನ್ನು ಬಲ್ಲ ಓದುಗನು ಡಾಂಟೆಯ ನರಕವನ್ನೂ ಹಾಗೆಯೇ ಭಾವಿಸಿ, ಎಂದಾದರೊಂದು ದಿನ ಇವರೆಲ್ಲರೂ ಬಿಡುಗಡೆಯಾಗುವರೆಂಬ ಸಮಾಧಾನವನ್ನು ತನಗರಿವಿಲ್ಲದೆಯೇ ಇಟ್ಟುಕೊಂಡು ಓದುತ್ತಾನೆ. ಆ ಕಾವ್ಯದ ನರಕದ್ವಾರದ ಬರಹವು ಮೊದಲು ಕಿತ್ತುಹಾಕುವುದು ಈ ಸಮಾಧಾನವನ್ನೇ. ಒಳಹೊಕ್ಕವರಿಗೆ ಹೊರಬರುವ ಆಸೆಯೂ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಆ ಸ್ಥಳವನ್ನು ನಿರ್ಮಿಸಿದುದು ದೇವರ ಶಕ್ತಿ ಮತ್ತು ಜ್ಞಾನಗಳು ಮಾತ್ರವಲ್ಲ, ಆದಿಪ್ರೇಮವೂ ಹೌದು ಎಂದು ಬರಹ ಸಾರುತ್ತದೆ. ಇದಕ್ಕಿಂತ ಕಠಿನವಾದ ಮಾತನ್ನು ಕಾವ್ಯದ ಬಾಗಿಲಲ್ಲಿ ಕೆತ್ತಿದ ಕವಿ ಬೇರೊಬ್ಬನಿಲ್ಲ.

ನಮ್ಮ ನಾಡಿನಲ್ಲಿ ನಿತ್ಯನರಕದ ಕಲ್ಪನೆಯೇ ಇರಲಿಲ್ಲವೆನ್ನುವುದೂ ಸರಿಯಲ್ಲ. ಡಾಂಟೆ ಹುಟ್ಟಿದ ಹದಿಮೂರನೆಯ ಶತಮಾನದಲ್ಲಿಯೇ ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ವಿಂಗಡಿಸಿ, ಕಡೆಯ ವರ್ಗದವರಿಗೆ ಮರಳಿ ಬರಲಾಗದ ಅಂಧತಮಸ್ಸನ್ನು ಹೇಳಿದರು. ಈ ಹೋಲಿಕೆಯನ್ನು ಕಂಡ ಕೆಲವು ಪಾಶ್ಚಾತ್ಯ ವಿದ್ವಾಂಸರು ಇಲ್ಲಿ ಕ್ರೈಸ್ತ ಪ್ರಭಾವವನ್ನು ಊಹಿಸಿದ್ದುಂಟು. ಆ ಊಹೆಗೆ ಆಧಾರ ಸಾಲದು. ಹೋಲಿಕೆಯಾದರೂ ಮೇಲುಮೇಲಿನದು. ಮಧ್ವಮತದಲ್ಲಿ ಜೀವನ ಗತಿಯನ್ನು ನಿರ್ಧರಿಸುವುದು ಅದರ ಅನಾದಿಯಾದ ಸ್ವಭಾವ. ಡಾಂಟೆಯ ಪ್ರಶ್ನೆಯಲ್ಲಿ ಬರುವ ಮನುಷ್ಯನ ಸ್ವಭಾವ ಒಳ್ಳೆಯದು, ನಡತೆ ಒಳ್ಳೆಯದು. ಕೆಟ್ಟದ್ದೆಂಬುದೇನಿದ್ದರೂ ಅವನು ಹುಟ್ಟಿದ ಊರು.

ಈ ಪ್ರಶ್ನೆ ಏಳುವುದಕ್ಕೆ ಕಾರಣವಾದ ಸಿದ್ಧಾಂತವನ್ನು ಸಂಕ್ಷೇಪವಾಗಿ ಹೇಳಿಬಿಡೋಣ. ಆದಮನ ಅವಿಧೇಯತೆಯಿಂದ ಮನುಷ್ಯಕುಲವೇ ಪಾಪಕ್ಕೊಳಗಾಯಿತು. ಸ್ವಂತ ಪುಣ್ಯದ ಬಲದಿಂದ ಯಾರೂ ರಕ್ಷಣೆಯನ್ನು ಪಡೆಯಲಾರರು. ಅದು ಕ್ರಿಸ್ತನ ಮೂಲಕ ಬರುವ ಕೃಪೆ, ವಿಶ್ವಾಸದಿಂದ ಸ್ವೀಕರಿಸಬೇಕಾದದ್ದು. ದೀಕ್ಷಾಸ್ನಾನವು ಅದರ ಬಾಗಿಲು. ಪೌಲನ ಪತ್ರಗಳಲ್ಲಿ ಮೊಳೆತು ಅಗಸ್ಟೀನನಲ್ಲಿ (354–430) ಕಟ್ಟುನಿಟ್ಟಾದ ರೂಪವನ್ನು ತಾಳಿದ ಮಾತು ಇದು. ಕಟ್ಟಕಡೆಗೆ ಎಲ್ಲ ಜೀವಗಳೂ ದೇವರನ್ನು ಸೇರುವುವೆಂಬ, ಮೂರನೆಯ ಶತಮಾನದ ಆರಿಜೆನನ ಹೆಸರಿನೊಡನೆ ಬಂದ ಆಶಾವಾದವನ್ನು 553ರ ಹೊತ್ತಿಗೆ ಚರ್ಚು ತಳ್ಳಿಹಾಕಿತ್ತು. 1302ರಲ್ಲಿ ಎಂಟನೆಯ ಬೋನಿಫಾಸ್ ಪೋಪನು, ರೋಮಿನ ಪೀಠಕ್ಕೆ ಅಧೀನನಾಗಿರುವುದು ಪ್ರತಿಯೊಬ್ಬ ಮನುಷ್ಯನ ರಕ್ಷಣೆಗೂ ಅವಶ್ಯವೆಂದು ಘೋಷಿಸಿದನು. ಡಾಂಟೆಯು ಫ್ಲಾರೆನ್ಸಿನಿಂದ ಬಹಿಷ್ಕೃತನಾದುದೂ ಅದೇ ವರ್ಷ. ಕವಿಯು ಈ ಪೋಪನಿಗೆ ನರಕದಲ್ಲಿ ಮುಂಚಿತವಾಗಿಯೇ ಒಂದು ಗುಂಡಿಯನ್ನು ಕಾದಿರಿಸಿದ್ದಾನೆ. ಸಿದ್ಧಾಂತವನ್ನು ಒಪ್ಪುವುದು ಬೇರೆ, ಅದರ ಅಧಿಕಾರಿಗಳನ್ನು ಒಪ್ಪುವುದು ಬೇರೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು.

ಸಿದ್ಧಾಂತವು ಕಾವ್ಯವಾಗುವ ಬಗೆಯನ್ನು ತಿಳಿಯಬೇಕಾದರೆ ಒಬ್ಬ ತಂದೆ ಮತ್ತು ಮಗನ ಕಥೆಯನ್ನು ನೋಡಬೇಕು. ಗುಯಿದೋ ದ ಮೊಂತೆಫೆಲ್ತ್ರೊ ಎಂಬ ಚತುರ ಸೇನಾನಿ ಮುಪ್ಪಿನಲ್ಲಿ ಸಂನ್ಯಾಸಿಯಾದವನು. ಬೋನಿಫಾಸನು ಅವನನ್ನು ಕರೆಸಿ, ಶತ್ರುಗಳನ್ನು ವಂಚಿಸುವ ಉಪಾಯವನ್ನು ಕೇಳಿ, ಆ ಪಾಪಕ್ಕೆ ಮುಂಗಡವಾಗಿ ಕ್ಷಮೆಯನ್ನು ಕೊಟ್ಟನಂತೆ. ಸತ್ತಾಗ ಅವನನ್ನು ಕರೆದೊಯ್ಯಲು ಸಂತ ಫ್ರಾನ್ಸಿಸನೇ ಬರುತ್ತಾನೆ. ಆದರೆ ಒಂದು ಪಿಶಾಚಿ ಅಡ್ಡಬಂದು, ಒಂದು ಪಾಪವನ್ನು ಮಾಡಬೇಕೆಂದು ಇಚ್ಛಿಸುತ್ತಲೇ ಅದಕ್ಕೆ ಪಶ್ಚಾತ್ತಾಪಪಡುವುದು ತರ್ಕವಿರುದ್ಧವೆಂದು ವಾದಿಸಿ ಗೆಲ್ಲುತ್ತದೆ. ತಾನು ತರ್ಕಶಾಸ್ತ್ರಜ್ಞನೆಂಬುದನ್ನು ಗುಯಿದೋ ಅರಿತಿರಲಿಲ್ಲವೇನೋ ಎಂದು ಆ ಪಿಶಾಚಿ ಕುಚೋದ್ಯ ಮಾಡುವುದು ಇಡೀ ಕಾವ್ಯದ ಅತ್ಯಂತ ಕಹಿಯಾದ ಹಾಸ್ಯಗಳಲ್ಲೊಂದು. ಅವನ ಮಗ ಬುವೊನ್‌ಕೊಂತೆ 1289ರ ಕಂಪಾಲ್ದಿನೊ ಯುದ್ಧದಲ್ಲಿ ಕುತ್ತಿಗೆಗೆ ಗಾಯವಾಗಿ ಬಯಲಿನಲ್ಲಿ ಓಡುತ್ತ, ಮಾತು ನಿಲ್ಲುವ ಗಳಿಗೆಯಲ್ಲಿ ಮರಿಯಳ ಹೆಸರನ್ನು ಉಚ್ಚರಿಸಿ ಬೀಳುತ್ತಾನೆ. ಇಲ್ಲಿಯೂ ಪಿಶಾಚಿ ಬರುತ್ತದೆ. ಈ ಸಲ ಸೋಲುತ್ತದೆ. ಒಂದು ಹನಿ ಕಣ್ಣೀರಿನಿಂದಾಗಿ ಆತ್ಮ ತನ್ನ ಕೈತಪ್ಪಿತೆಂದು ಹಲುಬಿ, ಹೆಣದ ಮೇಲೆ ಮಳೆಗಾಳಿಯನ್ನು ಎಬ್ಬಿಸಿ ಸೇಡು ತೀರಿಸಿಕೊಳ್ಳುತ್ತದೆ. ಪೋಪನ ಮುದ್ರೆಯೊತ್ತಿದ ಕ್ಷಮೆ ತಂದೆಯನ್ನು ಉಳಿಸಲಿಲ್ಲ. ಯಾವ ಗುರುವೂ ಬಳಿಯಿಲ್ಲದ ಕಣ್ಣೀರು ಮಗನನ್ನು ಉಳಿಸಿತು. ಚರ್ಚಿನಿಂದ ಬಹಿಷ್ಕೃತನಾಗಿ 1266ರಲ್ಲಿ ಬೆನೆವೆಂತೊ ಯುದ್ಧದಲ್ಲಿ ಮಡಿದ ಮಾನ್‌ಫ್ರೆಡ್ ರಾಜನನ್ನೂ ಕವಿ ಇದೇ ಪರ್ವತದ ಬುಡದಲ್ಲಿ ನಗುನಗುತ್ತ ನಿಲ್ಲಿಸಿದ್ದಾನೆ. ವಿಶ್ವಾಸದಿಂದ ರಕ್ಷಣೆ ಎಂಬ ತತ್ತ್ವದ ಉದಾರ ಮುಖವಿದು. ಎಂಥ ಪಾಪಿಗೂ ಕಡೆಯ ಉಸಿರಿನವರೆಗೆ ಬಾಗಿಲು ತೆರೆದಿರುತ್ತದೆ.

ಆದರೆ ಬಾಗಿಲು ಎಲ್ಲಿದೆಯೆಂಬುದನ್ನೇ ಕೇಳಿ ತಿಳಿಯದವನ ಗತಿ ಏನು?

ನರಕದ ನಾಲ್ಕನೆಯ ಸರ್ಗದಲ್ಲಿ ಇದಕ್ಕೆ ಮೊದಲ ಉತ್ತರವಿದೆ. ಲಿಂಬೋ ಎಂಬುದು ನರಕದ ಮೊದಲ ವೃತ್ತ. ಆ ಲ್ಯಾಟಿನ್ ಪದಕ್ಕೆ ಅಂಚು, ಸೆರಗು ಎಂದರ್ಥ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗೂ, ಕ್ರಿಸ್ತನಿಗಾಗಿ ಕಾದಿದ್ದ ಪೂರ್ವಕಾಲದ ಪಿತೃಗಳಿಗೂ ದೇವಶಾಸ್ತ್ರಜ್ಞರು ಇಂಥ ಎಡೆಯನ್ನು ಹೇಳಿದ್ದರು. ಸದಾಚಾರಿಗಳಾದ ಅನ್ಯಮತೀಯ ವಯಸ್ಕರನ್ನು ಅಲ್ಲಿ ತಂದಿರಿಸಿದವನು ಡಾಂಟೆ. ಇದು ಅವನ ಸ್ವಂತ ಸಾಹಸವೆಂಬುದನ್ನು ನೆನಪಿಡಬೇಕು. ಅಲ್ಲಿ ಬೆಂಕಿಯಿಲ್ಲ, ಚೀತ್ಕಾರವಿಲ್ಲ. ನಿಟ್ಟುಸಿರು ಮಾತ್ರ ಗಾಳಿಯನ್ನು ಅಲುಗಿಸುತ್ತದೆ. ಏಳು ಸುತ್ತಿನ ಕೋಟೆ, ಹಸುರು ಬಯಲು, ಅಲ್ಲಿ ಹೋಮರ್, ಹೊರೇಸ್, ಆವಿಡ್, ಲೂಕನ್. ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲ್. ಮುಸ್ಲಿಮರಾದ ಅವಿಸೆನ್ನ, ಅವೆರೋಸ್ ಮತ್ತು ಸಲಾದಿನ್. ಕ್ರೈಸ್ತ ಸೇನೆಗಳಿಂದ ಜೆರೂಸಲೆಮನ್ನು ಗೆದ್ದುಕೊಂಡ ಸುಲ್ತಾನನನ್ನು ಮಹನೀಯರ ಮಧ್ಯೆ ಗೌರವದಿಂದ ನಿಲ್ಲಿಸಿದ ಕವಿಗೆ ಸಂಕುಚಿತ ಮನಸ್ಸಿತ್ತೆಂದು ಯಾರೂ ಹೇಳಲಾರರು. ಇವರೆಲ್ಲರಿಗೂ ಇರುವ ಶಿಕ್ಷೆ ಒಂದೇ: ನಿರೀಕ್ಷೆಯಿಲ್ಲದ ಹಂಬಲ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದುದು ವರ್ಜಿಲನ ಮುಖವನ್ನು. ಡಾಂಟೆಗೆ ದಾರಿ ತೋರಿಸುವ ಈ ರೋಮನ್ ಕವಿ ಆ ವೃತ್ತದ ನಿವಾಸಿ. ಅಲ್ಲಿಗೆ ಇಳಿಯುವಾಗ ಅವನು ಬಿಳಿಚಿಕೊಳ್ಳುತ್ತಾನೆ. ಶಿಷ್ಯನು ಅದನ್ನು ಭಯವೆಂದು ತಿಳಿಯುತ್ತಾನೆ. ಭಯವಲ್ಲ, ಕನಿಕರವೆಂದು ಗುರು ತಿದ್ದುತ್ತಾನೆ. ಇಲ್ಲಿರುವವರು ಪಾಪ ಮಾಡಿದವರಲ್ಲ, ತಾನೂ ಇವರಲ್ಲೊಬ್ಬನು ಎಂದು ಅವನೇ ಹೇಳುತ್ತಾನೆ. ಇಲ್ಲಿಂದ ಎಂದಾದರೂ ಯಾರಾದರೂ ಹೊರಗೆ ಹೋದದ್ದುಂಟೇ ಎಂದು ಡಾಂಟೆ ಕೇಳಿದಾಗ, ತಾನು ಅಲ್ಲಿಗೆ ಹೊಸಬನಾಗಿದ್ದಾಗ ಜಯಶಾಲಿಯೊಬ್ಬನು ಬಂದು ಆದಮ, ನೋಹ, ಅಬ್ರಹಾಮ, ದಾವೀದ ಮೊದಲಾದವರನ್ನು ಕರೆದೊಯ್ದುದನ್ನು ವಿವರಿಸುತ್ತಾನೆ. ಕ್ರಿಸ್ತಪೂರ್ವ 19ರಲ್ಲಿ ತೀರಿಕೊಂಡವನು ಅವನು. ಅಲ್ಲಿಗೆ ಬಂದು ಐವತ್ತು ವರ್ಷಗಳಾಗಿದ್ದವಷ್ಟೆ. ಹೆಸರುಗಳನ್ನು ಅವನು ಒಂದೊಂದಾಗಿ ಎಣಿಸುವುದನ್ನು ಓದುವಾಗ, ರೈಲು ಹೊರಟುಹೋದ ಮೇಲೆ ಅದನ್ನು ಹತ್ತಿದವರ ಪಟ್ಟಿಯನ್ನು ನಿಲ್ದಾಣದಲ್ಲಿ ಉಳಿದವನೊಬ್ಬನು ಹೇಳಿದಂತೆ ನಮಗೆ ಭಾಸವಾಗುತ್ತದೆ. ಮುಂದೆ ಪರ್ವತದ ಮೇಲೆ ತನ್ನ ಊರಿನವನೇ ಆದ ಸೊರ್ದೆಲ್ಲೊ ಎಂಬ ಕವಿಗೆ, ತಾನು ಸ್ವರ್ಗವನ್ನು ಕಳೆದುಕೊಂಡದ್ದು ಮಾಡಿದ್ದರಿಂದಲ್ಲ, ಮಾಡದೆ ಬಿಟ್ಟದ್ದರಿಂದ ಎಂದು ವರ್ಜಿಲ್ ಹೇಳಿಕೊಳ್ಳುತ್ತಾನೆ. ಮಾನವಬುದ್ಧಿಯ ಮಿತಿಯನ್ನು ಕುರಿತು ಹೇಳತೊಡಗಿ, ಪ್ಲೇಟೋ ಮತ್ತು ಅರಿಸ್ಟಾಟಲರ ಹೆಸರೆತ್ತಿ, ತನ್ನ ಹೆಸರು ಬರಬೇಕಾದಲ್ಲಿ ತಲೆ ತಗ್ಗಿಸಿ ಸುಮ್ಮನಾಗುವುದೂ ಅಲ್ಲಿಯೇ.

ವರ್ಜಿಲನೆಂದರೆ ಮಾನವಬುದ್ಧಿಯ ಸಂಕೇತ, ಬಿಯಾಟ್ರಿಸಳೆಂದರೆ ದೈವಜ್ಞಾನದ ಸಂಕೇತ. ಬುದ್ಧಿ ಒಂದು ಹಂತದವರೆಗೆ ಮಾತ್ರ ಒಯ್ಯಬಲ್ಲುದು ಎಂದು ಪರೀಕ್ಷೆಗಾಗಿ ಬರೆದ ಕೈಪಿಡಿಗಳು ಹೇಳಿ ಮುಗಿಸುತ್ತವೆ. ಇದು ಸುಳ್ಳಲ್ಲ. ಆದರೆ ಸಂಕೇತಗಳು ತಲೆ ತಗ್ಗಿಸುವುದಿಲ್ಲ, ಬಿಳಿಚಿಕೊಳ್ಳುವುದೂ ಇಲ್ಲ. ಇನ್ನೊಂದು ಕಡೆ ಇಟಲಿಯ ತತ್ತ್ವಜ್ಞ ಕ್ರೋಚೆಯು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡಾಂಟೆಯ ಕಾವ್ಯವನ್ನೂ ಅದರ ದೇವಶಾಸ್ತ್ರದ ಚೌಕಟ್ಟನ್ನೂ ಬೇರ್ಪಡಿಸಿ, ಕಾವ್ಯಕ್ಕೆ ಮಾತ್ರ ಬೆಲೆ ಕಟ್ಟಿದನು. ನಂಬಿಕೆಯಿಲ್ಲದ ಓದುಗನಿಗೆ ಇದು ಬಹು ಅನುಕೂಲವಾದ ದಾರಿ. ಎಂಟು ವರ್ಷಗಳ ಅನಂತರ ಬಂದ ಎಲಿಯಟ್‌ನ ಪ್ರಬಂಧ ಇನ್ನೂ ಎಚ್ಚರದಿಂದ, ಕವಿಯ ನಂಬಿಕೆಯನ್ನು ನಾವು ನಂಬಬೇಕಾಗಿಲ್ಲ, ಆದರೆ ಅದನ್ನು ಅರ್ಥಮಾಡಿಕೊಳ್ಳದೆ ಗತಿಯಿಲ್ಲ ಎಂಬ ನಿಲುವಿಗೆ ಬಂತು. ಈ ಎರಡರಲ್ಲಿ ನಮಗೆ ಎರಡನೆಯದೇ ಸಮ್ಮತ. ಚೌಕಟ್ಟನ್ನು ತೆಗೆದುಹಾಕಿದರೆ ವರ್ಜಿಲನ ದುಃಖ ಕೇವಲ ಒಬ್ಬ ಮುದುಕನ ಖಿನ್ನತೆಯಾಗಿ ಉಳಿಯುತ್ತದೆ. ಅವನು ಎಲ್ಲಿಗೆ ಹಿಂದಿರುಗಬೇಕು, ಏಕೆ ಹಿಂದಿರುಗಬೇಕು ಎಂಬುದು ಕಲ್ಲಿನ ಮೇಲೆ ಬರೆದಂತೆ ಸ್ಥಿರವಾಗಿರುವುದರಿಂದಲೇ ಅವನ ಪ್ರತಿಯೊಂದು ವಾತ್ಸಲ್ಯದ ಮಾತಿಗೂ ಅಷ್ಟು ಭಾರ ಬರುತ್ತದೆ.

ಲಿಂಬೋದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಬಾಯಿಗೆ ಬರುವುದು ಸ್ವರ್ಗಕಾಂಡದ ಹತ್ತೊಂಬತ್ತನೆಯ ಸರ್ಗದಲ್ಲಿ. ಗುರುಗ್ರಹದ ಲೋಕದಲ್ಲಿ ನ್ಯಾಯವಂತರಾದ ಅರಸರ ಆತ್ಮಗಳು ಸೇರಿ ಒಂದು ಗರುಡನ ಆಕಾರವನ್ನು ತಾಳಿವೆ. ಅನೇಕರಾದರೂ ಅವರು 'ನಾನು' ಎಂದು ಒಂದೇ ಕಂಠದಿಂದ ಮಾತನಾಡುತ್ತಾರೆ. ತನ್ನನ್ನು ಬಹುಕಾಲದಿಂದ ಹಸಿವಿನಂತೆ ಕಾಡಿದ ಸಂಶಯವೊಂದಿದೆಯೆಂದು ಡಾಂಟೆ ಹೇಳಿಕೊಂಡಾಗ, ಅದನ್ನು ಅವನ ಬಾಯಿಂದ ಹೇಳಿಸದೆ ಗರುಡನೇ ಬಿಡಿಸಿಡುತ್ತದೆ. ಸಿಂಧೂನದಿಯ ದಡದಲ್ಲಿ ಒಬ್ಬ ಮನುಷ್ಯ ಹುಟ್ಟುತ್ತಾನೆ. ಕ್ರಿಸ್ತನನ್ನು ಕುರಿತು ಹೇಳುವವರಾಗಲಿ ಓದುವವರಾಗಲಿ ಬರೆಯುವವರಾಗಲಿ ಅಲ್ಲಿ ಇಲ್ಲ. ಮಾನವಬುದ್ಧಿಗೆ ಕಾಣುವಷ್ಟು ಮಟ್ಟಿಗೆ ಅವನ ಇಚ್ಛೆಗಳು, ಕಾರ್ಯಗಳು, ಮಾತುಗಳು ಎಲ್ಲವೂ ನಿರ್ದೋಷ. ದೀಕ್ಷೆಯಿಲ್ಲದೆ, ವಿಶ್ವಾಸವಿಲ್ಲದೆ ಅವನು ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಎಲ್ಲಿಯದು? ಅವನ ತಪ್ಪೇನು?

ಭಾರತೀಯ ಓದುಗನು ಇಲ್ಲಿ ಒಂದು ಕ್ಷಣ ಪುಸ್ತಕವನ್ನು ಕೆಳಗಿಡದೆ ಇರಲಾರ. ಕವಿಗೆ ಸಿಂಧೂ ಎಂದರೆ ಪೂರ್ವದಿಕ್ಕಿನ ಕೊನೆಯಂಚು, ಅಷ್ಟೆ. ನಮ್ಮ ನಾಡನ್ನು ಅವನು ಬಲ್ಲವನಲ್ಲ. ಭರತಖಂಡದಲ್ಲೆಲ್ಲ ಕ್ರಿಸ್ತನ ಹೆಸರೇ ಕೇಳಿರಲಿಲ್ಲವೆನ್ನುವುದೂ ಚರಿತ್ರೆಗೆ ಒಪ್ಪುವ ಮಾತಲ್ಲ. ಮಲಬಾರಿನಲ್ಲಿ ಸಿರಿಯಕ್ ಸಂಪ್ರದಾಯದ ಕ್ರೈಸ್ತರು ಅದಾಗಲೇ ಎಷ್ಟೋ ಶತಮಾನಗಳಿಂದ ನೆಲಸಿದ್ದರು. ಡಾಂಟೆಯ ಕಾಲದವನೇ ಆದ ಮಾರ್ಕೊ ಪೋಲೊ ಸಂತ ತೋಮನ ಸಮಾಧಿಯ ವಿಷಯವನ್ನು ಹೇಳಿದ್ದಾನೆ. ಕಾವ್ಯದ ಕಥೆ ನಡೆಯುವುದು 1300ರಲ್ಲಿ. ಅದಕ್ಕೆ ಕೆಲವೇ ವರ್ಷ ಮುಂಚೆ, 1291ರ ಸುಮಾರಿಗೆ, ಇಟಲಿಯ ಸಂನ್ಯಾಸಿ ಮೊಂತೆಕೊರ್ವಿನೊದ ಜಾನ್ ಚೀನಕ್ಕೆ ಹೋಗುವ ದಾರಿಯಲ್ಲಿ ದಕ್ಷಿಣ ಭಾರತದಲ್ಲಿ ವರ್ಷಕ್ಕೆ ಮೇಲ್ಪಟ್ಟು ತಂಗಿದ್ದನು. ಆದರೆ ಇದರಿಂದ ಪ್ರಶ್ನೆಯ ಮೊನೆ ಮೊಂಡಾಗುವುದಿಲ್ಲ. ಸಿಂಧೂತೀರದವನು ಒಬ್ಬ ವ್ಯಕ್ತಿಯಲ್ಲ, ಒಂದು ವಾದದ ಪಾತ್ರ. ಆ ಪಾತ್ರಕ್ಕೆ ಒಂದು ಮುಖವನ್ನು ಕೊಡಬೇಕಾದರೆ ಕಾವ್ಯದಲ್ಲಿ ದೊರೆಯುವ ಮುಖ ವರ್ಜಿಲನದೇ. ಗುರುವಿನ ಹೆಸರನ್ನು ಹೇಳಲಾರದೆ ಶಿಷ್ಯನು ದೂರದೇಶದ ಅನಾಮಿಕನನ್ನು ಮುಂದಿಟ್ಟು ಕೇಳಿದ್ದಾನೆ.

ಗರುಡನ ಉತ್ತರ ನಿಷ್ಠುರವಾದದ್ದು. ಒಂದು ಗೇಣಿನಾಚೆ ಕಾಣದ ದೃಷ್ಟಿಯುಳ್ಳ ನೀನು ಸಾವಿರ ಮೈಲಿಯಾಚೆಯದನ್ನು ಅಳೆಯಲು ನ್ಯಾಯಪೀಠದ ಮೇಲೆ ಕುಳಿತೆಯಾ ಎಂದು ಅದು ಗದರುತ್ತದೆ. ಆದಿಸಂಕಲ್ಪವು ತಾನೇ ಒಳಿತು, ಅದಕ್ಕೆ ಹೊಂದಿಕೊಂಡುದೇ ನ್ಯಾಯ; ಕ್ರಿಸ್ತನನ್ನು ನಂಬದವರು ಯಾರೂ ಈ ಲೋಕಕ್ಕೆ ಏರಿದವರಿಲ್ಲ. ತರ್ಕವಾಗಿ ನೋಡಿದರೆ ಇದು ಉತ್ತರವೇ ಅಲ್ಲ; ಕೇಳುವವನ ಅಧಿಕಾರವನ್ನು ಅಲ್ಲಗಳೆಯುವುದಷ್ಟೆ. ಯೋಬನ ಗ್ರಂಥದಲ್ಲಿ ಸುಂಟರಗಾಳಿಯೊಳಗಿಂದ ಬಂದ ಉತ್ತರವೂ ಈ ಜಾತಿಯದೇ. ಇಲ್ಲಿಗೆ ನಿಂತಿದ್ದರೆ ಕವಿ ಶಾಸ್ತ್ರಕ್ಕೆ ಶರಣಾದನೆಂದು ಹೇಳಿ ನಾವೂ ಸುಮ್ಮನಾಗಬಹುದಿತ್ತು. ಆದರೆ ಅದೇ ಉಸಿರಿನಲ್ಲಿ ಗರುಡನು, ಕ್ರಿಸ್ತ ಕ್ರಿಸ್ತ ಎಂದು ಕೂಗುವ ಅನೇಕರು ತೀರ್ಪಿನ ದಿನ ಅವನ ಹೆಸರನ್ನೇ ಅರಿಯದವರಿಗಿಂತ ದೂರದಲ್ಲಿ ನಿಲ್ಲುವರು, ಅಂಥವರನ್ನು ಇಥಿಯೋಪಿಯದವನು ಖಂಡಿಸುವನು ಎಂದು ಸೇರಿಸಿ, ಅಂದಿನ ಯುರೋಪಿನ ಅರಸರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ಬಯ್ಯುತ್ತದೆ. ಬಾಯಿಮಾತಿನ ವಿಶ್ವಾಸಕ್ಕೆ ಇಲ್ಲಿ ಬೆಲೆಯಿಲ್ಲ.

ಇಪ್ಪತ್ತನೆಯ ಸರ್ಗದಲ್ಲಿ ಆಶ್ಚರ್ಯ ಕಾದಿದೆ. ಗರುಡನ ಕಣ್ಣಿನ ಗೊಂಬೆಯಾಗಿ ದಾವೀದನೂ ಹುಬ್ಬಿನ ಸುತ್ತ ಐವರು ಅರಸರೂ ಹೊಳೆಯುತ್ತಾರೆ. ಆ ಐವರಲ್ಲಿ ಇಬ್ಬರು ಅನ್ಯಮತೀಯರು. ರೋಮಿನ ಟ್ರೇಜನ್ ಚಕ್ರವರ್ತಿಯ ಕಥೆ ಮಧ್ಯಯುಗದಲ್ಲಿ ಪ್ರಸಿದ್ಧವಾಗಿತ್ತು. ಗ್ರೆಗೊರಿ ಪೋಪನ ಪ್ರಾರ್ಥನೆಯ ಫಲವಾಗಿ ಅವನು ನರಕದಿಂದ ಅಲ್ಪಕಾಲ ತನ್ನ ದೇಹಕ್ಕೆ ಮರಳಿ, ನಂಬಿ, ಮತ್ತೆ ಸತ್ತು ಸ್ವರ್ಗವನ್ನು ಸೇರಿದನೆಂದು ಜನ ಹೇಳುತ್ತಿದ್ದರು. ಇನ್ನೊಬ್ಬನಾದ ರಿಫೇಯಸನ ಕಥೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಂಥ ಕಥೆಯೇ ಇಲ್ಲ. ವರ್ಜಿಲನ 'ಈನಿಯಡ್' ಮಹಾಕಾವ್ಯದ ಎರಡನೆಯ ಸರ್ಗದಲ್ಲಿ, ಟ್ರಾಯ್ ನಗರ ಉರಿಯುತ್ತಿರುವಾಗ ಹೋರಾಡಿ ಮಡಿಯುವವರಲ್ಲಿ ಅವನ ಹೆಸರು ಸುಳಿದು ಹೋಗುತ್ತದೆ. ಟ್ರಾಯ್ ಜನರಲ್ಲೆಲ್ಲ ಅವನೇ ಅತ್ಯಂತ ನ್ಯಾಯವಂತನೆಂದೂ, ದೇವತೆಗಳ ಮನಸ್ಸು ಮಾತ್ರ ಬೇರೆಯಾಗಿತ್ತೆಂದೂ ಅಲ್ಲಿ ಒಂದು ಮಾತು ಬರುತ್ತದೆ. ಅಷ್ಟೇ ಆಧಾರ. ಈ ಒಂದು ಎಳೆಯನ್ನು ಹಿಡಿದು ಡಾಂಟೆ, ದೇವರು ಅವನಿಗೆ ಮುಂಬರುವ ರಕ್ಷಣೆಯನ್ನು ಅಂತರಂಗದಲ್ಲಿ ತೋರಿಸಿದನೆಂದೂ, ದೀಕ್ಷಾಸ್ನಾನ ಎಂಬುದು ಹುಟ್ಟುವುದಕ್ಕೆ ಸಾವಿರ ವರ್ಷಕ್ಕಿಂತ ಮೊದಲೇ ವಿಶ್ವಾಸ, ನಿರೀಕ್ಷೆ, ಪ್ರೇಮಗಳೆಂಬ ಮೂವರು ದೇವಿಯರು ಅವನಿಗೆ ದೀಕ್ಷೆಯಾಗಿ ನಿಂತರೆಂದೂ ಹೇಳಿಬಿಡುತ್ತಾನೆ.

ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಶಾಸ್ತ್ರ ಒಂದಿಷ್ಟೂ ಕದಲಿಲ್ಲ. ನಂಬದವನು ಸ್ವರ್ಗಕ್ಕೆ ಬರಲಾರ ಎಂಬ ವಿಧಿ ಹಾಗೆಯೇ ಇದೆ. ಆದರೆ ಯಾರು ನಂಬಿದರು, ಯಾರು ನಂಬಲಿಲ್ಲ ಎಂಬುದನ್ನು ಹೊರಗಿನಿಂದ ಹೇಳುವ ನಮ್ಮ ಶಕ್ತಿ ಪೂರ್ತಿಯಾಗಿ ಹೋಯಿತು. ಹೇಳುವವರಿಲ್ಲದ, ಓದುವವರಿಲ್ಲದ, ಬರೆಯುವವರಿಲ್ಲದ ಟ್ರಾಯಿನಲ್ಲಿ ಒಬ್ಬನಿಗೆ ಕಣ್ಣು ತೆರೆದಿದ್ದರೆ, ಸಿಂಧೂತೀರದಲ್ಲಿ ತೆರೆಯಲಿಲ್ಲವೆಂದು ಹೇಳಲು ನಾವು ಯಾರು? ಅವನು ವಿಶ್ವಾಸವಿಲ್ಲದೆ ಸತ್ತನೆಂಬ ಪ್ರಶ್ನೆಯ ಆಧಾರವಾಕ್ಯವೇ ಕುಸಿಯುತ್ತದೆ. ದೇವರನ್ನು ಕಾಣುತ್ತಿರುವ ನಮಗೂ ಆಯ್ಕೆಯಾದವರೆಲ್ಲರ ಹೆಸರು ಗೊತ್ತಿಲ್ಲವೆಂದು ಗರುಡನೇ ಒಪ್ಪಿಕೊಳ್ಳುತ್ತದೆ. ಸಿದ್ಧಾಂತದ ಗೋಡೆಯನ್ನು ಕೆಡವದೆ ಅದರ ಮೇಲೆ ಕಾವಲು ಕುಳಿತವರನ್ನೆಲ್ಲ ಕೆಳಗಿಳಿಸಿದ ಜಾಣತನ ಇದು.

ದೇವಶಾಸ್ತ್ರದಲ್ಲಿ ಇದಕ್ಕೆ ಇನ್ನೂ ಸರಳವಾದ ದಾರಿಯಿತ್ತು. ಡಾಂಟೆಯು ಪೂಜ್ಯನೆಂದು ಎಣಿಸಿದ ಥಾಮಸ್ ಅಕ್ವಿನಾಸನು (1225–1274), ಕಾಡಿನಲ್ಲಿ ಬೆಳೆದವನೊಬ್ಬನು ಸಹಜಬುದ್ಧಿ ತೋರಿದ ಒಳಿತನ್ನು ಅನುಸರಿಸಿದರೆ, ರಕ್ಷಣೆಗೆ ಅವಶ್ಯವಾದುದನ್ನು ದೇವರು ಅವನ ಅಂತರಂಗದಲ್ಲಿ ತಿಳಿಸುವನು, ಇಲ್ಲವೆ ಒಬ್ಬ ಬೋಧಕನನ್ನು ಕಳುಹಿಸುವನು ಎಂದು ಬರೆದಿದ್ದನು. ಈ ಮಾತನ್ನು ಒಂದು ಸಾಮಾನ್ಯ ನಿಯಮವನ್ನಾಗಿ ಸ್ವೀಕರಿಸಿದ್ದರೆ ಲಿಂಬೋದ ಕೋಟೆಯನ್ನು ಕಟ್ಟುವ ಅಗತ್ಯವೇ ಇರಲಿಲ್ಲ. ಡಾಂಟೆ ಅದನ್ನು ನಿಯಮವಾಗಿ ತೆಗೆದುಕೊಳ್ಳಲಿಲ್ಲ. ಒಂದೆರಡು ಅದ್ಭುತಗಳಾಗಿ ಮಾತ್ರ ಉಳಿಸಿಕೊಂಡನು. ಆತ್ಮಹತ್ಯೆ ಮಾಡಿಕೊಂಡ ಅನ್ಯಮತೀಯನಾದ ಕೇಟೋವನ್ನು ಶುದ್ಧಿಪರ್ವತದ ಕಾವಲಿಗೆ ನಿಲ್ಲಿಸುವ ಧೈರ್ಯವಿದ್ದವನಿಗೆ ವರ್ಜಿಲನನ್ನು ಮೇಲಕ್ಕೆತ್ತುವುದು ಕಷ್ಟವಾಗಿತ್ತೇ?

ವಿಮರ್ಶಕನು ತಡೆದು ನಿಲ್ಲಬೇಕಾದ ಸ್ಥಳ ಇದೇ ಎಂದು ನಮಗೆ ತೋರುತ್ತದೆ. ರಿಫೇಯಸನ ನ್ಯಾಯಶೀಲತೆಗೆ ಜಗತ್ತಿನಲ್ಲಿ ಇರುವ ಸಾಕ್ಷಿ ಒಬ್ಬನೇ, ವರ್ಜಿಲ್. ಸಾಕ್ಷಿಯ ಮಾತಿನಿಂದ ಬಿಡುಗಡೆಯಾದವನು ಒಳಗೆ, ಸಾಕ್ಷಿ ಹೇಳಿದವನು ಹೊರಗೆ. ಸ್ಟೇಷಿಯಸ್ ಕವಿಯ ವಿಷಯವೂ ಹೀಗೆಯೇ. ಕ್ರಿಸ್ತಪೂರ್ವ 40ರ ಸುಮಾರಿನಲ್ಲಿ ವರ್ಜಿಲ್ ಬರೆದ ನಾಲ್ಕನೆಯ ಗೋಪಗೀತೆಯಲ್ಲಿ ಒಂದು ಶಿಶುವಿನ ಜನನವೂ ಹೊಸ ಯುಗದ ಆಗಮನವೂ ಬರುತ್ತವೆ. ಮಧ್ಯಯುಗದವರು ಅದನ್ನು ಕ್ರಿಸ್ತಜನನದ ಭವಿಷ್ಯವಾಣಿಯೆಂದು ಓದಿದರು. ಅದನ್ನು ಓದಿಯೇ ತಾನು ಕ್ರೈಸ್ತನಾದೆನೆಂದು ಡಾಂಟೆಯ ಸ್ಟೇಷಿಯಸ್ ಹೇಳುತ್ತಾನೆ. ಚರಿತ್ರೆಯಲ್ಲಿ ಇದಕ್ಕೆ ಪ್ರಮಾಣವಿಲ್ಲ, ಇದೂ ಕವಿಕಲ್ಪನೆ. ಬೆನ್ನ ಹಿಂದೆ ದೀಪವನ್ನು ಹಿಡಿದು ಕತ್ತಲಲ್ಲಿ ನಡೆದವನಿಗೆ ವರ್ಜಿಲನನ್ನು ಹೋಲಿಸಲಾಗಿದೆ. ಒಬ್ಬನನ್ನಲ್ಲ, ಇಬ್ಬರನ್ನು, ಡಾಂಟೆಯನ್ನೂ ಸೇರಿಸಿಕೊಂಡರೆ ಮೂವರನ್ನು ಈ ಕವಿಯ ಮಾತು ದಡ ಸೇರಿಸಿತು. ಕತ್ತಲಲ್ಲಿ ಉಳಿದವನು ಅವನೊಬ್ಬನೇ.

ಗರುಡನ ಗದರಿಕೆಯನ್ನು ಇಲ್ಲಿ ಕವಿಯ ಮೇಲೆಯೇ ತಿರುಗಿಸಬೇಕಾಗುತ್ತದೆ. ಸಾವಿರ ಮೈಲಿಯಾಚೆಯದನ್ನು ತೀರ್ಮಾನಿಸಬೇಡವೆಂದು ಗರುಡನಿಂದ ಹೇಳಿಸಿದವನೇ ತನ್ನ ಕಾಲದ ಪೋಪರನ್ನೂ ನೆರೆಹೊರೆಯವರನ್ನೂ ಹೆಸರು ಹಿಡಿದು ನರಕಕ್ಕೆ ಕಳುಹಿಸಿದ್ದಾನೆ, ಜೀವಂತವಾಗಿದ್ದವರನ್ನೂ ಬಿಟ್ಟಿಲ್ಲ. ಸೂರ್ಯಲೋಕದಲ್ಲಿ ಅಕ್ವಿನಾಸನ ಬಾಯಿಂದ, ದಡಕ್ಕೆ ಬಂದ ಹಡಗು ಬಂದರಿನಲ್ಲಿ ಮುಳುಗುವುದುಂಟು, ಒಣಮುಳ್ಳಿನ ಮೇಲೆ ಹೂ ಅರಳುವುದುಂಟು, ಅವಸರದಿಂದ ತೀರ್ಪು ಕೊಡಬೇಡಿ ಎಂಬ ಎಚ್ಚರಿಕೆಯೂ ಬರುತ್ತದೆ. ಈ ಎಚ್ಚರಿಕೆಗಳೆಲ್ಲ ಸ್ವರ್ಗಕಾಂಡದಲ್ಲಿ, ಅಂದರೆ ತೀರ್ಪುಗಳೆಲ್ಲ ಮುಗಿದ ಮೇಲೆ ಬರುತ್ತವೆಂಬುದು ಆಕಸ್ಮಿಕವಿರಲಾರದು. ನರಕದ ಮೊದಲಲ್ಲಿ ಫ್ರಾಂಚೆಸ್ಕಳ ಕಥೆಯನ್ನು ಕೇಳಿ ಮೂರ್ಛೆಹೋದ ಯಾತ್ರಿಕನು ಅದರ ತಳಕ್ಕೆ ಬರುವ ಹೊತ್ತಿಗೆ, ಕಣ್ಣಿನ ಹಿಮವನ್ನು ತೆಗೆಯುವೆನೆಂದು ಒಬ್ಬ ದ್ರೋಹಿಗೆ ಮಾತು ಕೊಟ್ಟು ಅದನ್ನು ಮುರಿಯುವಷ್ಟು ಕಠೋರನಾಗಿರುತ್ತಾನೆ. ಆ ಕಾಠಿನ್ಯವನ್ನು ನ್ಯಾಯವೆಂದು ಸಮರ್ಥಿಸಿದ ವ್ಯಾಖ್ಯಾನಕಾರರು ಉಂಟು. ನಮಗೆ ಅದು ಒಪ್ಪಿಗೆಯಾಗಿಲ್ಲ. ಸ್ವರ್ಗದಲ್ಲಿ ಕಲಿತ ಪಾಠವನ್ನು ಹಿಡಿದು ನರಕಕ್ಕೆ ಮರಳಿ ಹೋಗಲು ಕವಿಗೆ ಅವಕಾಶವಿರಲಿಲ್ಲ. ಆ ಅವಕಾಶ ಮರುಓದನ್ನು ಮಾಡುವ ನಮಗೆ ಮಾತ್ರ ಉಂಟು.

ವರ್ಜಿಲನ ನಿರ್ಗಮನವನ್ನು ಈ ಬೆಳಕಿನಲ್ಲಿ ಓದಬೇಕು. ಶುದ್ಧಿಕಾಂಡದ ಮೂವತ್ತನೆಯ ಸರ್ಗದಲ್ಲಿ ಬಿಯಾಟ್ರಿಸ್ ಬರುವ ಮುನ್ನ ದೇವದೂತರು ಹೂ ಎರಚುತ್ತ ಹಾಡುತ್ತಾರೆ. ಅವರು ಹಾಡುವ ಲ್ಯಾಟಿನ್ ಸಾಲು ಬೈಬಲ್ಲಿನದಲ್ಲ. ಅಕಾಲದಲ್ಲಿ ತೀರಿಕೊಂಡ ಮಾರ್ಸೆಲ್ಲಸ್ ಎಂಬ ತರುಣನಿಗಾಗಿ ವರ್ಜಿಲ್ ಬರೆದ ಶೋಕದ ಸಾಲು. ಬಿಯಾಟ್ರಿಸಳನ್ನು ಕಂಡು ನಡುಗಿದ ಡಾಂಟೆ ತಾಯಿಯ ಕಡೆಗೆ ಓಡುವ ಮಗುವಿನಂತೆ ಪಕ್ಕಕ್ಕೆ ತಿರುಗುತ್ತಾನೆ. ಹೇಳಲು ಬಾಯಿಗೆ ಬಂದ ಮಾತೂ 'ಈನಿಯಡ್'ನಲ್ಲಿ ಡೈಡೊ ರಾಣಿ ಆಡಿದ ಮಾತೇ. ಪಕ್ಕದಲ್ಲಿ ಯಾರೂ ಇಲ್ಲ. ಮೂರು ಸಾಲುಗಳಲ್ಲಿ ಆ ಹೆಸರನ್ನು ಮೂರು ಬಾರಿ ಕರೆದರೂ ಉತ್ತರವಿಲ್ಲ. ಇಡೀ ಕಾವ್ಯದಲ್ಲಿ ಡಾಂಟೆಯ ಹೆಸರು ಬರುವುದು ಒಮ್ಮೆ ಮಾತ್ರ, ಈ ಸ್ಥಳದಲ್ಲಿ. ವರ್ಜಿಲ್ ಹೋದನೆಂದು ಅಳಬೇಡ ಎಂದು ಬಿಯಾಟ್ರಿಸ್ ಅವನನ್ನು ಗದರುವಾಗ.

ನಮ್ಮ ವ್ಯಾಸಭಾರತದ ಸ್ವರ್ಗಾರೋಹಣ ಪರ್ವ ಇಲ್ಲಿ ನೆನಪಿಗೆ ಬಾರದಿರದು. (ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ನಿಂತುಬಿಡುವುದರಿಂದ ಕನ್ನಡದ ಓದುಗರಲ್ಲಿ ಹಲವರಿಗೆ ಈ ಪ್ರಸಂಗ ಅಷ್ಟು ಪರಿಚಿತವಲ್ಲ.) ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡ ಧರ್ಮರಾಯ ತಮ್ಮಂದಿರೆಲ್ಲಿ ಎಂದು ಕೇಳಿ, ದುರ್ಗಂಧದ ನರಕಕ್ಕೆ ಹೋಗಿ, ಅವರ ಆರ್ತಧ್ವನಿಯನ್ನು ಆಲಿಸಿ, ತಾನು ಇಲ್ಲಿಯೇ ಇರುವೆನೆಂದು ದೇವದೂತನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಹಾಗೆ ಉಳಿದುದರಿಂದಲೇ ನರಕ ಮಾಯವಾಗುತ್ತದೆ. ಡಾಂಟೆಗೆ ಹಾಗೆ ಹೇಳುವ ಸ್ವಾತಂತ್ರ್ಯವಿಲ್ಲ, ಏಕೆಂದರೆ ಅವನ ನರಕ ಪರೀಕ್ಷೆಗಾಗಿ ಹೂಡಿದ ಮಾಯೆಯಲ್ಲ. ಧರ್ಮರಾಯನ ನಿರ್ಧಾರವನ್ನು ನಾವು ಮೆಚ್ಚುತ್ತೇವೆ. ಡಾಂಟೆಯ ಅಸಹಾಯಕತೆಯನ್ನು ಮೆಚ್ಚಲಾಗುವುದಿಲ್ಲ, ಆದರೆ ಅದು ಬೇಗ ಮರೆಯುವುದೂ ಇಲ್ಲ.

ಚರ್ಚಿನ ಮಾತು ಅನಂತರದ ಶತಮಾನಗಳಲ್ಲಿ ಬದಲಾಗುತ್ತ ಬಂತು. 1442ರಲ್ಲಿ ಡಾಂಟೆಯ ಜನ್ಮನಗರವಾದ ಫ್ಲಾರೆನ್ಸಿನಲ್ಲಿಯೇ ಸೇರಿದ್ದ ಮಹಾಸಭೆ, ಚರ್ಚಿನ ಹೊರಗಿರುವ ಅನ್ಯಮತೀಯರಿಗೆ ನಿತ್ಯಾಗ್ನಿಯೇ ಗತಿಯೆಂದು ಸಾರಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆಯನ್ನು ಪಡೆಯಬಲ್ಲರೆಂದು ಒಪ್ಪಿತು. 2007ರಲ್ಲಿ ಪ್ರಕಟವಾದ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗದ ಪತ್ರವೊಂದು, ದೀಕ್ಷೆಯಿಲ್ಲದೆ ಸತ್ತ ಶಿಶುಗಳ ವಿಷಯದಲ್ಲಿಯೂ ಆಶೆ ಇಡಲು ಕಾರಣಗಳುಂಟೆಂದು ಹೇಳಿತು. ಸಿಂಧೂತೀರದವನ ವ್ಯಾಜ್ಯ ಹೀಗೆ ಬಹುಮಟ್ಟಿಗೆ ಅವನ ಪರವಾಗಿ ತೀರ್ಮಾನವಾದಂತಾಯಿತು. ಆದರೆ ಶಾಸನವನ್ನು ತಿದ್ದಿದಂತೆ ಕಾವ್ಯವನ್ನು ತಿದ್ದಲು ಬರುವುದಿಲ್ಲ. ವರ್ಜಿಲನ ಸ್ಥಾನ 1321ರಲ್ಲಿ ಕವಿ ರವೆನ್ನದಲ್ಲಿ ಕಣ್ಣುಮುಚ್ಚಿದಾಗ ಎಲ್ಲಿತ್ತೋ ಇಂದಿಗೂ ಅಲ್ಲಿಯೇ ಇದೆ.

ಅವನು ಹೇಗೆ ಹಿಂದಿರುಗಿದನೆಂಬುದನ್ನು ಕಾವ್ಯ ಹೇಳುವುದಿಲ್ಲ. ಸ್ವರ್ಗಕಾಂಡದಲ್ಲಿ ಅವನ ಹೆಸರು ಕಡೆಯದಾಗಿ ಕೇಳಿಬರುವುದು ಇಪ್ಪತ್ತಾರನೆಯ ಸರ್ಗದಲ್ಲಿ, ಆದಮನ ಬಾಯಲ್ಲಿ. ತನ್ನ ವಯಸ್ಸಿನ ಲೆಕ್ಕವನ್ನು ಹೇಳುತ್ತ ಆದಮನು, ಭೂಮಿಯಲ್ಲಿ 930 ವರ್ಷ ಬದುಕಿ, ಬಿಯಾಟ್ರಿಸಳು ವರ್ಜಿಲನನ್ನು ಎಲ್ಲಿಂದ ಕಳುಹಿಸಿದಳೋ ಆ ಎಡೆಯಲ್ಲಿ 4302 ವರ್ಷ ಈ ಸಭೆಗಾಗಿ ಹಂಬಲಿಸುತ್ತ ಕಳೆದೆನೆನ್ನುತ್ತಾನೆ. ಯಾರ ಪಾಪದಿಂದ ಈ ನಿಯಮವೆಲ್ಲ ಹುಟ್ಟಿತೋ ಅವನು ಬೆಳಕಿನಲ್ಲಿ ನಿಂತು ಆ ಹೆಸರನ್ನು ಒಂದು ಸ್ಥಳದ ಗುರುತಾಗಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಡಾಂಟೆ ಕೇಳಿಸಿಕೊಳ್ಳುತ್ತಾನೆ, ಮಾತನಾಡುವುದಿಲ್ಲ.